ಸ್ಟೀವ್ ಮೆಕ್ವೀನ್: ಹೊಳಪು ಒಲ್ಲೆ ಎಂದವನ ಹಸಿರು ಕಾರು

ನನ್ನ ಮೇಜಿನ ಮೇಲೊಂದು ಹಸಿರು ಕಾರಿದೆ. ಉದ್ದ ಒಂದು ಗೇಣಿಗಿಂತ ತುಸು ಜಾಸ್ತಿ. 1968ರ ಫೋರ್ಡ್ ಮಸ್ಟಾಂಗ್, 1:18 ಅಳತೆ. ‘ಬುಲಿಟ್’ ಸಿನಿಮಾದಲ್ಲಿ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರುಬೀದಿಗಳಲ್ಲಿ ಹಾರಿಸಿಕೊಂಡು ಹೋಗ್ತಾನಲ್ಲ, ಆ ಕಾರಿನ ಪ್ರತಿಕೃತಿ. ಬಾಗಿಲು ತೆರೆಯುತ್ತೆ, ಬಾನೆಟ್ ಎತ್ತಿದರೆ ಎಂಜಿನ್ ಕಾಣುತ್ತೆ, ಸ್ಟೀರಿಂಗ್ ತಿರುಗಿಸಿದರೆ ಚಕ್ರ ತಿರುಗುತ್ತೆ. ಎಲ್ಲ ಸರಿಯಾಗಿದೆ, ಬಣ್ಣ ಮಾತ್ರ ಸರಿಯಿಲ್ಲ. ಮದುವೆ ಮನೆಯ ಮುಂದೆ ನಿಲ್ಲಿಸಿದ ಬಾಡಿಗೆ ಕಾರಿನ ಹಾಗೆ ಥಳಥಳ ಹೊಳೀತಾ ಇದೆ. ಸಿನಿಮಾದ ಕಾರು ಹಾಗಿಲ್ಲ. ಅದು ದಿನಾ ಕೆಲಸಕ್ಕೆ ಹೋಗಿ ಬರೋ ಮನುಷ್ಯನ ಕಾರು.

ಸಿನಿಮಾ ಕಾರುಗಳ ಪ್ರತಿಕೃತಿ ಸಂಗ್ರಹಿಸುವವರಿಗೆ ಇದು ಸಣ್ಣ ವಿಷಯವಲ್ಲ. ಈ ಒಂದು ಹಸಿರಿನ ಹಿಂದೆ ವರ್ಷಗಟ್ಟಲೆ ಬಿದ್ದವರಿದ್ದಾರೆ. ನಾನೂ ಬಿದ್ದೆ. ಹಾಗೆ ಹುಡುಕುತ್ತಾ ಹೋದಾಗ ಕಂಡದ್ದು ಬಣ್ಣದ ಡಬ್ಬಿಗಿಂತ ಹೆಚ್ಚಾಗಿ ಒಬ್ಬ ಮನುಷ್ಯನ ಕತೆ. 1980ರಲ್ಲೇ ತೀರಿಕೊಂಡ, ಇವತ್ತಿಗೂ ಟೀ-ಶರ್ಟ್ ಮೇಲೆ, ವಾಚಿನ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವ, ‘ಕೂಲ್’ ಅನ್ನೋ ಪದಕ್ಕೆ ಮುಖವೇ ಆಗಿಹೋದ ಒಬ್ಬ ನಟನ ಕತೆ.

ಆ ಕತೆಯ ಮೊದಲ ಬಣ್ಣ ಕೆಂಪು. 1930ರ ಮಾರ್ಚ್ 24ರಂದು ಇಂಡಿಯಾನಾ ರಾಜ್ಯದ ಬೀಚ್ ಗ್ರೋವ್ ಎಂಬ ಊರಲ್ಲಿ ಅವನು ಹುಟ್ಟಿದ. ಅಪ್ಪ ವಿಮಾನದಲ್ಲಿ ಸಾಹಸ ಪ್ರದರ್ಶನ ಮಾಡುತ್ತಿದ್ದವನು, ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಬಿಟ್ಟುಹೋದ. ಅಮ್ಮನಿಗೆ ಚಿಕ್ಕ ವಯಸ್ಸು, ಕುಡಿತದ ಚಟ. ಅದು ಮಹಾ ಆರ್ಥಿಕ ಕುಸಿತದ ಕಾಲ. ಮಗು ಮಿಸೌರಿಯ ಸ್ಲೇಟರ್ ಎಂಬ ಹಳ್ಳಿಯಂಥ ಊರಲ್ಲಿ, ಹಂದಿ ಸಾಕುತ್ತಿದ್ದ ಕ್ಲಾಡ್ ಎಂಬ ಅಜ್ಜನ ವಯಸ್ಸಿನ ಬಂಧುವಿನ ಬಳಿ ಬೆಳೆಯಿತು. ನಾಲ್ಕನೇ ಹುಟ್ಟುಹಬ್ಬಕ್ಕೆ ಆ ಮುದುಕ ಒಂದು ಕೆಂಪು ಮೂರುಗಾಲಿ ಸೈಕಲ್ ಕೊಡಿಸಿದ. ವೇಗದ ಹುಚ್ಚು ಹತ್ತಿದ್ದೇ ಅಲ್ಲಿಂದ ಅಂತ ಮೆಕ್ವೀನ್ ಕೊನೆಯವರೆಗೂ ಹೇಳಿಕೊಳ್ಳುತ್ತಿದ್ದ.

ಆಮೇಲೆ ಅಮ್ಮ ವಾಪಸ್ ಕರೆಸಿಕೊಂಡಳು. ಮಲತಂದೆಯರು ಬಂದರು, ಹೊಡೆದರು. ಕಿವಿಯ ಸೋಂಕಿನಿಂದ ಕೇಳಿಸೋದು ಕಮ್ಮಿಯಾಗಿತ್ತು, ಅಕ್ಷರಗಳು ಕಣ್ಣೆದುರು ಕಲಸಿಹೋಗುವ ಡಿಸ್‌ಲೆಕ್ಸಿಯಾ ಬೇರೆ. ಹುಡುಗ ಬೀದಿಗೆ ಬಿದ್ದ, ಸಣ್ಣಪುಟ್ಟ ಕಳ್ಳತನಕ್ಕಿಳಿದ. ಹದಿನಾಲ್ಕರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಚಿನೋದಲ್ಲಿರುವ ಬಾಯ್ಸ್ ರಿಪಬ್ಲಿಕ್ ಎಂಬ ಸುಧಾರಣಾ ಶಾಲೆಗೆ ಸೇರಿಸಿದರು. ದೊಡ್ಡ ನಟನಾದ ಮೇಲೆ ಅವನು ಆ ಶಾಲೆಯನ್ನು ಮರೆಯಲಿಲ್ಲ. ಸದ್ದಿಲ್ಲದೆ ಹೋಗಿ ಹುಡುಗರ ಜೊತೆ ಕೂತು ಬರುತ್ತಿದ್ದ. ನಿರ್ಮಾಪಕರ ಹತ್ತಿರ ಜೀನ್ಸ್, ಶೇವಿಂಗ್ ರೇಜರ್ ಅಂತ ರಾಶಿಗಟ್ಟಲೆ ಸಾಮಾನು ಕೇಳುತ್ತಿದ್ದನಂತೆ. ಜಿಪುಣ ಅಂದುಕೊಂಡಿದ್ದರು ಎಲ್ಲರೂ. ಆ ಸಾಮಾನು ಹೋಗುತ್ತಿದ್ದದ್ದು ಚಿನೋದ ಹುಡುಗರಿಗೆ.

1947ರಲ್ಲಿ ಮರೀನ್ ಪಡೆಗೆ ಸೇರಿದ. ಟ್ಯಾಂಕ್ ಓಡಿಸಿದ, ರಜೆ ಮುಗಿದರೂ ವಾಪಸ್ ಹೋಗದೆ ಸೆರೆವಾಸ ಅನುಭವಿಸಿದ. ಶಿಕ್ಷೆಯ ಭಾಗವಾಗಿ ಹಡಗಿನ ಎಂಜಿನ್ ಕೋಣೆಯಲ್ಲಿ ಪೈಪುಗಳಿಗೆ ಸುತ್ತಿದ್ದ ಕಲ್ನಾರಿನ ಹೊದಿಕೆ, ಅಂದರೆ ಆಸ್ಬೆಸ್ಟಾಸ್, ಕಿತ್ತು ತೆಗೆಯೋ ಕೆಲಸ ಕೊಟ್ಟರು. ಮುಚ್ಚಿದ ಕೋಣೆ, ಗಾಳಿ ತುಂಬ ಬಿಳಿ ನಾರು. ಇದನ್ನು ಇಲ್ಲಿಗೆ ಬಿಡೋಣ, ಮತ್ತೆ ಈ ಕೋಣೆಗೆ ಬರಲೇಬೇಕಾಗುತ್ತೆ.

1950ರಲ್ಲಿ ಸೇನೆ ಬಿಟ್ಟ. ಸೈನಿಕರ ಓದಿಗೆ ಅಮೆರಿಕ ಸರ್ಕಾರ ಕೊಡುತ್ತಿದ್ದ ಜಿಐ ಬಿಲ್ ನೆರವಿನಿಂದ ನ್ಯೂಯಾರ್ಕಿನಲ್ಲಿ ಸ್ಯಾನ್‌ಫರ್ಡ್ ಮೈಸ್ನರ್ ನಡೆಸುತ್ತಿದ್ದ ನಟನಾ ಶಾಲೆ ಸೇರಿದ. ಸ್ವಂತ ದುಡಿಮೆಯಿಂದ ಮೇಲೆ ಬಂದ ಗಂಡಸು ಅಂತ ಮೆಕ್ವೀನ್‌ನನ್ನು ಆರಾಧಿಸುವವರು ಈ ಸರ್ಕಾರಿ ದುಡ್ಡಿನ ಮಾತು ಎತ್ತೋದು ಕಡಿಮೆ. ಇನ್ನೊಂದು ಆಸರೆ ಹೆಂಡತಿ ನೀಲ್ ಆ್ಯಡಮ್ಸ್. ಮದುವೆಯಾದಾಗ ಆಕೆ ಬ್ರಾಡ್‌ವೇಯ ಹೆಸರಾಂತ ನರ್ತಕಿ, ಸಂಪಾದನೆ ಆಕೆಯದ್ದೇ ಹೆಚ್ಚು. 1958ರಲ್ಲಿ ಟಿವಿ ಸರಣಿ ಸಿಕ್ಕಿತು, 1960ರಲ್ಲಿ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’, 1963ರಲ್ಲಿ ‘ದಿ ಗ್ರೇಟ್ ಎಸ್ಕೇಪ್’.

‘ಗ್ರೇಟ್ ಎಸ್ಕೇಪ್’ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರಲ್ಲಿ ಅವನು ನಾಜಿಗಳ ಮೋಟಾರ್ ಸೈಕಲ್ ಕದ್ದು ಓಡುತ್ತಾನೆ. ಅದು ಜರ್ಮನ್ ಬೈಕೇ ಅಲ್ಲ. ಬ್ರಿಟಿಷರ ಟ್ರಯಂಫ್ ಟಿಆರ್6ಗೆ ಸೇನೆಯ ಮಂಕು ಬಣ್ಣ ಬಳಿದು ಯುದ್ಧಕಾಲದ ಬಿಎಂಡಬ್ಲ್ಯು ಅಂತ ನಂಬಿಸಿದ್ದರು. ಬಣ್ಣ ಸರಿಯಾಗಿದ್ದರೆ ಕಣ್ಣು ಉಳಿದದ್ದನ್ನು ಪ್ರಶ್ನೆ ಮಾಡಲ್ಲ! ಮುಳ್ಳುತಂತಿ ಬೇಲಿಯ ಮೇಲೆ ಹಾರಿದ ಆ ಪ್ರಸಿದ್ಧ ಜಿಗಿತವೂ ಮೆಕ್ವೀನ್‌ನದ್ದಲ್ಲ, ಗೆಳೆಯ ಬಡ್ ಎಕಿನ್ಸ್‌ನದ್ದು. ಇವತ್ತು ಆ ಬೈಕಿನ ಪ್ರತಿಕೃತಿ ಮಾಡುವವರು ನಕಲಿ ಜರ್ಮನ್ ಬೈಕಿನ ಅಸಲಿ ಬಣ್ಣ ಯಾವುದು ಅಂತ ತಲೆ ಕೆಡಿಸಿಕೊಳ್ತಾರೆ.

ದುಡ್ಡು ಬಂದ ಮೇಲೆ ಕಾರುಗಳು ಬಂದವು. ಅವನ್ನು ಮರುಬಣ್ಣ ಮಾಡಿಸುತ್ತಿದ್ದ ರೀತಿ ನೋಡಿದರೆ ಮನುಷ್ಯ ಅರ್ಥವಾಗ್ತಾನೆ. ಜಾಗ್ವಾರ್ ಎಕ್ಸ್‌ಕೆಎಸ್‌ಎಸ್ ಅಂತೊಂದು ಕಾರು. 1957ರ ಫೆಬ್ರವರಿ 12ರಂದು ಕೊವೆಂಟ್ರಿಯ ಕಾರ್ಖಾನೆಗೆ ಬೆಂಕಿ ಬಿದ್ದದ್ದರಿಂದ ಬರೀ 16 ತಯಾರಾಗಿದ್ದವು. ಅದರಲ್ಲಿ ಒಂದನ್ನು ಕೊಂಡ. ಬಿಳಿಯಿತ್ತು, ಕಡುಹಸಿರು ಹೊಡೆಸಿದ. ಹಸಿರು ಇಲಿ ಅಂತ ಅಡ್ಡಹೆಸರಿಟ್ಟ. ಫೆರಾರಿ ಬಂದಾಗ ಕಾರ್ಖಾನೆಯ ಕಂದು ಬಣ್ಣ ಹಿಡಿಸದೆ ಗಾಢ ಕೆಂಪಿಗೆ ತಿರುಗಿಸಿದ. ಪೋರ್ಷೆ 911 ಕೊಂಡಾಗ ಆರಿಸಿದ್ದು ಸ್ಲೇಟಿನ ಬೂದು. ಬಹುಪಾಲು ಕಣ್ಣು ಕುಕ್ಕದ, ಕತ್ತಲಿಗೆ ಹತ್ತಿರದ ಬಣ್ಣಗಳು. ಅಪ್ಪನಿಲ್ಲದೆ, ಏಟು ತಿಂದು ಬೆಳೆದ ಹುಡುಗ ಎದ್ದು ಕಾಣದಂತೆ ಇರೋದನ್ನ ಕಲಿತಿರುತ್ತಾನೆ ಅನ್ನೋದು ನನ್ನ ಊಹೆ. ಊಹೆಯಷ್ಟೇ.

1968ರ ಫೆಬ್ರವರಿಯಿಂದ ಮೇವರೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ‘ಬುಲಿಟ್’ ಚಿತ್ರೀಕರಣ ನಡೆಯಿತು. ಅದೇ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಕೊಲೆಯಾಯಿತು, ವಿಯೆಟ್ನಾಂ ಯುದ್ಧದ ವಿರುದ್ಧ ಬೀದಿಗಳು ತುಂಬಿದ್ದವು. ಅಂಥ ವರ್ಷದಲ್ಲಿ ಪೊಲೀಸನೊಬ್ಬನನ್ನು ಹೀರೋ ಮಾಡೋದು ಸುಲಭದ ಮಾತಲ್ಲ. ಚಿತ್ರ ತಯಾರಿಸಿದ್ದು ಮೆಕ್ವೀನ್‌ನದ್ದೇ ಸೋಲಾರ್ ಪ್ರೊಡಕ್ಷನ್ಸ್. ಅಲ್ಲಿ ಖಳನ ಜಾಗದಲ್ಲಿರುವುದು ಸಾಕ್ಷಿಯೊಬ್ಬನನ್ನು ತನ್ನ ರಾಜಕೀಯಕ್ಕೆ ಬಳಸಿಕೊಳ್ಳಲು ಹೊರಟ ಚಾಲ್ಮರ್ಸ್ ಎಂಬ ನುಣುಪು ರಾಜಕಾರಣಿ. ಆ ಪಾತ್ರ ಮಾಡಿದ ರಾಬರ್ಟ್ ವಾನ್ ನಿಜಜೀವನದಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ಬಹಿರಂಗವಾಗಿ ಮಾತಾಡುತ್ತಿದ್ದವನು. ರಾಜಕಾರಣಿಯ ಸೂಟು ಹೊಳೆಯುತ್ತೆ, ಪೊಲೀಸನ ಕಾರು ಹೊಳೆಯಲ್ಲ. ಬಣ್ಣದ ಲೆಕ್ಕ ಅಲ್ಲೇ ಇದೆ.

ಚಿತ್ರಕ್ಕಾಗಿ ಎರಡು ಮಸ್ಟಾಂಗ್ ತಂದರು. ಎರಡೂ ಹೈಲ್ಯಾಂಡ್ ಗ್ರೀನ್ ಎಂಬ ಫೋರ್ಡ್‌ನ ಮಾಮೂಲಿ ಬಣ್ಣದವು. ಬಾಗಿಲಿನ ತಗಡಿನ ಮೇಲೆ ಆ ಬಣ್ಣಕ್ಕೆ ಆರ್ ಅಂತ ಒಂದಕ್ಷರದ ಗುರುತು, ಅಷ್ಟೇ. ಅವುಗಳಿಂದ ಮುಂದಿನ ಜಾಲರಿಯ ಓಡುವ ಕುದುರೆಯನ್ನು ಕಿತ್ತರು, ಜಿಟಿ ಅಕ್ಷರ ಕಿತ್ತರು, ಮಂಜುದೀಪ ಬಿಚ್ಚಿದರು. ಸಾಮಾನ್ಯವಾಗಿ ಸಿನಿಮಾಗೆ ಕಾರು ಬಂದರೆ ಸಿಂಗಾರ ಮಾಡ್ತಾರೆ. ಇಲ್ಲಿ ಒಡವೆ ಕಳಚಿದರು. ಹತ್ತು ನಿಮಿಷಕ್ಕೂ ಮೀರಿದ ಆ ಬೆನ್ನಟ್ಟುವಿಕೆಯಲ್ಲಿ ಮೆಕ್ವೀನ್ ಕೆಲ ಭಾಗ ಮಾತ್ರ ಓಡಿಸಿದ. ಅಪಾಯದ ಹಾರಾಟಗಳಲ್ಲಿ ಮತ್ತೆ ಎಕಿನ್ಸ್ ಮತ್ತು ಸಂಗಡಿಗರೇ ಕೂತರು. ಸಂಕಲನಕ್ಕೆ ಫ್ರ್ಯಾಂಕ್ ಕೆಲ್ಲರ್ ಆಸ್ಕರ್ ಪಡೆದ. ಆದರೂ ಹಾರಾಟದ ನಡುವೆ ಅದೇ ಹಸಿರು ಫೋಕ್ಸ್‌ವ್ಯಾಗನ್ ಬೀಟಲ್ ಮತ್ತೆ ಮತ್ತೆ ಎದುರಾಗುತ್ತೆ, ನೋಡಿ ನಗಬಹುದು.

ಆ ಎರಡು ಕಾರು ತಯಾರಾದದ್ದು ಎಲ್ಲಿ? ಕಾರಿನ ನಂಬರಿನಲ್ಲೇ ಅದು ಬರೆದಿರುತ್ತೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಗಂಟೆಯ ದಾರಿಯಲ್ಲಿರುವ ಮಿಲ್ಪಿಟಾಸ್‌ನ ಫೋರ್ಡ್ ಕಾರ್ಖಾನೆಯಲ್ಲಿ. 1955ರಲ್ಲಿ ಫೋರ್ಡ್ ರಿಚ್ಮಂಡ್‌ನಿಂದ ಅಲ್ಲಿಗೆ ಬಂದಾಗ ಕಪ್ಪು ಕಾರ್ಮಿಕರಿಗೆ ಕೆಲಸವಿತ್ತು, ಮನೆ ಇರಲಿಲ್ಲ. ಹೊಸ ಬಡಾವಣೆಗಳು ಅವರಿಗೆ ಮನೆ ಮಾರುತ್ತಿರಲಿಲ್ಲ. ಆಗ ಕಾರ್ಮಿಕ ಸಂಘ ಯುಎಡಬ್ಲ್ಯು ತಾನೇ ಮುಂದೆ ನಿಂತು ಸನ್ನಿಹಿಲ್ಸ್ ಎಂಬ ಬಡಾವಣೆ ಮಾಡಿಸಿತು. ಕಪ್ಪು, ಬಿಳಿ ಎಲ್ಲರೂ ಒಟ್ಟಿಗೆ ವಾಸಿಸಲೆಂದೇ ಯೋಜಿಸಿದ ಅಮೆರಿಕದ ಮೊದಮೊದಲ ಬಡಾವಣೆಗಳಲ್ಲಿ ಅದೊಂದು. ಆ ಹೋರಾಟದಲ್ಲಿದ್ದ ಕಪ್ಪು ಕಾರ್ಮಿಕ ನಾಯಕ ಬೆನ್ ಗ್ರಾಸ್ 1961ರಲ್ಲಿ ಮಿಲ್ಪಿಟಾಸ್ ನಗರಸಭೆಗೆ ಆಯ್ಕೆಯಾದರು, 1966ರಲ್ಲಿ ಮೇಯರ್ ಆದರು. ಅಂದರೆ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ಹಸಿರು ಕಾರು ಹಾರಿಸುತ್ತಿದ್ದಾಗ, ಅದನ್ನು ಕಟ್ಟಿದ ಊರಿನ ಮೇಯರ್ ಅದೇ ಕಾರ್ಖಾನೆಯಲ್ಲಿ ದುಡಿದ ಒಬ್ಬ ಕಪ್ಪು ಮನುಷ್ಯ! ಸಂಗ್ರಹಕಾರರ ಪೆಟ್ಟಿಗೆಯ ಮೇಲಿನ ಬರಹದಲ್ಲಿ ಕುದುರೆಶಕ್ತಿ ಎಷ್ಟು ಅಂತ ಇರುತ್ತೆ, ಇದು ಇರಲ್ಲ. ಕಾರ್ಖಾನೆ 1983ರಲ್ಲಿ ಮುಚ್ಚಿತು. 1994ರಿಂದ ಅದು ಗ್ರೇಟ್ ಮಾಲ್. ಬೇ ಏರಿಯಾದಲ್ಲಿರುವ ಕನ್ನಡಿಗರು ವಾರಾಂತ್ಯಕ್ಕೆ ಶಾಪಿಂಗ್‌ಗೆ ಹೋಗೋದು ಆ ಚಾವಣಿಯಡಿಗೇ.

ಈಗ ಆ ಕಾರ್ಖಾನೆಯ ಪೇಂಟಿಂಗ್ ಕಡೆಗೆ ಬರೋಣ. ನನ್ನ ಮೇಜಿನ ಕಾರಿನ ತಕರಾರು ಇರೋದೇ ಇಲ್ಲಿ. 1968ರಲ್ಲಿ ಫೋರ್ಡ್ ಹೊಡೆಯುತ್ತಿದ್ದದ್ದು ಒಂದೇ ಹಂತದ ಎನಾಮೆಲ್. ಬಣ್ಣದ ಪುಡಿ, ಅಲ್ಯುಮಿನಿಯಂ ಚೂರು, ಅಂಟು ಎಲ್ಲ ಒಂದೇ ಮಿಶ್ರಣದಲ್ಲಿ. ಹೊಡೆದು ಓವನ್‌ನಲ್ಲಿ ಬೇಯಿಸಿದರೆ ಮುಗೀತು. ಇವತ್ತಿನ ಕಾರುಗಳಿಗೆ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಗಾಜಿನಂಥ ಪಾರದರ್ಶಕ ಪದರ ಇರುತ್ತೆ. ಅದು ಸಾಮಾನ್ಯವಾದದ್ದು 1980ರ ದಶಕದಲ್ಲಿ. ಆ ಪದರವಿಲ್ಲದ ಹಳೇ ಬಣ್ಣ ಗಾಳಿ ಬಿಸಿಲಿಗೆ ನೇರ ಒಡ್ಡಿಕೊಂಡು ಬೇಗ ಮಂಕಾಗುತ್ತೆ, ಮೇಲೆ ಸುಣ್ಣದಂಥ ಪುಡಿ ಏಳುತ್ತೆ. ಅದರ ಹೊಳಪು ಮೇಲ್ಮೈಯಲ್ಲಿ ಮಿಂಚಲ್ಲ, ಒಳಗಿಂದ ಬಂದ ಹಾಗೆ ಕಾಣುತ್ತೆ. ಪ್ರತಿಕೃತಿಗೆ ದಪ್ಪ ಕ್ಲಿಯರ್ ಕೋಟ್ ಹೊಡೆದರೆ 1968 ಹೋಗಿ ಇವತ್ತಿನ ಶೋರೂಂ ಆಗಿಬಿಡುತ್ತೆ.

ಇನ್ನು ಅಳತೆಯ ಸಮಸ್ಯೆ. ಕಾರನ್ನು ಹದಿನೆಂಟರಲ್ಲಿ ಒಂದು ಪಾಲಿಗೆ ಇಳಿಸಬಹುದು, ಬಣ್ಣವನ್ನು ಇಳಿಸಲು ಆಗಲ್ಲ. ಅಸಲಿ ಕಾರಿನ ಬಣ್ಣ ಎಲ್ಲ ಪದರ ಸೇರಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು ದಪ್ಪ. ಅಷ್ಟೇ ದಪ್ಪವನ್ನು ಆಟಿಕೆಗೆ ಹೊಡೆದರೆ, ದೊಡ್ಡ ಕಾರಿನ ಲೆಕ್ಕದಲ್ಲಿ ಅದು ಸುಮಾರು 2 ಮಿಲಿಮೀಟರ್ ಗಾರೆ ಮೆತ್ತಿದ ಹಾಗೆ. ಬಾಗಿಲ ಸಂದು, ಮೂಲೆಯ ಚೂಪು ಎಲ್ಲ ತುಂಬಿಹೋಗುತ್ತೆ. ಮೆಟಾಲಿಕ್ ಬಣ್ಣದ ಅಲ್ಯುಮಿನಿಯಂ ಚೂರುಗಳೂ ಹಾಗೆಯೇ. ಅಸಲಿ ಕಾರಿನ ಮೇಲೆ ಧೂಳಿನ ಕಣದಂತೆ ಕಾಣುವವು ಪುಟ್ಟ ಕಾರಿನ ಮೇಲೆ ಜರಿಯ ಚಮಕಿಯಾಗುತ್ತವೆ. ಕಡು ಬಣ್ಣಗಳು ಪುಟ್ಟ ಮೈಮೇಲೆ ಇನ್ನೂ ಕಪ್ಪಾಗಿ ಕಾಣುತ್ತವೆ. ಹಾಗಾಗಿ ಫೋರ್ಡ್‌ನ ಅದೇ ಸೂತ್ರದ ಡಬ್ಬಿ ತಂದು ಹೊಡೆದರೂ ತಪ್ಪೇ. ಬಣ್ಣ ಸರಿಯಾಗಿ ಕಾಣಬೇಕಾದರೆ ಅದನ್ನು ತುಸು ತಿಳಿ ಮಾಡಬೇಕು, ಚೂರು ಇನ್ನೂ ಸಣ್ಣದಾಗಿರಬೇಕು, ಹೊಳಪು ತಗ್ಗಿಸಬೇಕು. ನಿಜ ಕಾಣಬೇಕಾದರೆ ಸ್ವಲ್ಪ ಸುಳ್ಳು ಹೇಳಬೇಕು ಅಂತಾಯ್ತು.

ಹೋಗಲಿ, ಸಿನಿಮಾ ನೋಡಿ ಹೊಂದಿಸೋಣ ಅಂದರೆ? ಛಾಯಾಗ್ರಾಹಕ ವಿಲಿಯಂ ಫ್ರೇಕರ್ ಸ್ಯಾನ್ ಫ್ರಾನ್ಸಿಸ್ಕೋದ ನೈಜ ಬೆಳಕಿನಲ್ಲಿ ತೆಗೆದ. ನೆರಳಿನ ಬೀದಿಯಲ್ಲಿ ಕಾರು ಹೆಚ್ಚುಕಮ್ಮಿ ಕಪ್ಪು, ಬಿಸಿಲಿಗೆ ಬಂದರೆ ಹಸಿರು. ಮೇಲೆ ಫಿಲಂನ ಬಣ್ಣವೇ ವರ್ಷ ಕಳೆದಂತೆ ಮಾಸುತ್ತೆ, ಡಿಸ್ಕ್ ಮಾಡುವಾಗ ತಿದ್ದುವವರ ಕೈ ಬೇರೆ, ನಿಮ್ಮ ಟಿವಿಯ ಸೆಟ್ಟಿಂಗ್ ಬೇರೆ. ಫೋರ್ಡ್ ಕಂಪನಿಗೇ ಈ ಗೊಂದಲ ಇತ್ತೋ ಏನೋ, 2001ರಲ್ಲಿ ಬುಲಿಟ್ ಹೆಸರಿನ ಮಸ್ಟಾಂಗ್ ತಂದಾಗ ಅದರ ಬಣ್ಣಕ್ಕಿಟ್ಟ ಹೆಸರು ಡಾರ್ಕ್ ಹೈಲ್ಯಾಂಡ್ ಗ್ರೀನ್. ಅಸಲಿಗಿಂತ ಒಂದು ಛಾಯೆ ಕಪ್ಪು; ಕಾರ್ಖಾನೆಯ ದಾಖಲೆಗಿಂತ ಜನರ ನೆನಪಿಗೆ ಹತ್ತಿರ.

ಒಂದು ಕಾಕತಾಳೀಯ. ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ಆಟಿಕೆ ಕಾರು ಶುರು ಮಾಡಿದ್ದೂ 1968ರಲ್ಲೇ. ಮೊದಲ 16 ಕಾರುಗಳಲ್ಲಿ ಒಂದು ಮಸ್ಟಾಂಗ್. ಅವರ ಬಣ್ಣದ ಗುಟ್ಟು ಸರಳ: ಹೊಳಪು ಕೊಟ್ಟ ಬರೀ ಲೋಹದ ಮೇಲೆ ಪಾರದರ್ಶಕ ಬಣ್ಣ. ಬೆಳಕು ಒಳಹೊಕ್ಕು ಲೋಹಕ್ಕೆ ತಾಗಿ ವಾಪಸ್ ಬರುತ್ತೆ, ಮಿಠಾಯಿಯಂತೆ ಮಿನುಗುತ್ತೆ. ಮಕ್ಕಳಿಗೆ ಬೇಕಾದದ್ದು ಅದೇ. ಆ ಮಕ್ಕಳೇ ದೊಡ್ಡವರಾಗಿ, ದುಡ್ಡಿರುವ ಸಂಗ್ರಹಕಾರರಾದರು. ಹೊಳಪಿನ ಮೇಲಿನ ಆಸೆ ಬೆರಳಲ್ಲೇ ಉಳಿದಿರಬೇಕು.

‘ಬುಲಿಟ್’ ಆದ ಮೇಲೆ ಮೆಕ್ವೀನ್ ಶಿಖರದಲ್ಲಿದ್ದ. 1971ರ ‘ಲೆ ಮಾನ್’ ಅವನ ಕನಸಿನ ಚಿತ್ರ. ತಿಳಿನೀಲಿ ಮೈಗೆ ಕಿತ್ತಳೆ ಪಟ್ಟೆಯ ಪೋರ್ಷೆ 917, ಪ್ರತಿಕೃತಿ ಲೋಕದಲ್ಲಿ ಇನ್ನೊಂದು ತಲೆನೋವಿನ ಬಣ್ಣ. ಆ ಚಿತ್ರೀಕರಣದಲ್ಲಿ ರೇಸ್ ಚಾಲಕ ಡೇವಿಡ್ ಪೈಪರ್ ಕಾಲಿನ ಭಾಗ ಕಳೆದುಕೊಂಡ. ಚಿತ್ರ ಸೋತಿತು, ನಿರ್ಮಾಣ ಸಂಸ್ಥೆ ಕುಸಿಯಿತು, ನೀಲ್ ಜೊತೆಗಿನ ಮದುವೆಯೂ ಮುರಿಯಿತು. ಅವನು ಕೈ ಮಾಡುತ್ತಿದ್ದ ಅಂತ ಆಕೆ ಮುಂದೆ ತನ್ನ ಆತ್ಮಕಥನದಲ್ಲಿ ಬರೆದಳು. ಎರಡನೇ ಹೆಂಡತಿ ನಟಿ ಆ್ಯಲಿ ಮ್ಯಾಕ್‌ಗ್ರಾ ಅವನ ಒತ್ತಾಯಕ್ಕೆ ನಟನೆಯನ್ನೇ ಬಿಟ್ಟು ಮನೆಯಲ್ಲಿ ಕೂತಳು. ‘ಕೂಲ್’ ಅನ್ನೋ ಪದರದ ಕೆಳಗೆ ಇದೂ ಇತ್ತು. ಏಟು ತಿಂದ ಹುಡುಗ ಅನ್ನೋದು ಇದಕ್ಕೆ ವಿವರಣೆಯಾಗಬಹುದು, ಮಾಫಿ ಆಗಲ್ಲ. ರಾಜಕೀಯದಲ್ಲಿ ಅವನು ಎಡಪಂಥೀಯನೇನೂ ಅಲ್ಲ. ಆದರೂ ನಿಕ್ಸನ್ ಆಡಳಿತ ಗುಟ್ಟಾಗಿ ಮಾಡಿಟ್ಟುಕೊಂಡ ವಿರೋಧಿಗಳ ಪಟ್ಟಿಯಲ್ಲಿ ಅವನ ಹೆಸರೂ ಸಿಕ್ಕಿತು. ಅಧಿಕಾರಕ್ಕೆ ಅನುಮಾನ ಹತ್ತಿದರೆ ಪಟ್ಟಿ ಬೆಳೆಯುತ್ತಲೇ ಹೋಗುತ್ತೆ, ನಮಗೇನು ಹೊಸದಲ್ಲ.

1977ರಲ್ಲಿ ಅವನಿಗೆ ಹಳೆಯದೆಲ್ಲ ನೆನಪಾಗತೊಡಗಿತ್ತು ಅನಿಸುತ್ತೆ. 1969ರಲ್ಲಿ ಮಾರಿದ್ದ ಹಸಿರು ಇಲಿಯನ್ನು ಮತ್ತೆ ಕೊಂಡುಕೊಂಡ. ಅದೇ ವರ್ಷ ಡಿಸೆಂಬರ್‌ನಲ್ಲಿ ಬುಲಿಟ್ ಮಸ್ಟಾಂಗ್ ವಾಪಸ್ ಕೊಡಿ ಅಂತ ಅದರ ಆಗಿನ ಮಾಲೀಕನಿಗೆ ಕಾಗದ ಬರೆದ. 1974ರಲ್ಲಿ 6,000 ಡಾಲರ್‌ಗೆ ಕೊಂಡಿದ್ದ ಆ ಮನುಷ್ಯ ಕೊಡಲಿಲ್ಲ. ಆ ಮನೆಯವರಿಗೆ ಅದು ಸಿನಿಮಾ ಕಾರಷ್ಟೇ ಅಲ್ಲ, ದಿನಬಳಕೆಯ ಗಾಡಿ. ಮನೆಯೊಡತಿ ಅದನ್ನೇ ಓಡಿಸಿಕೊಂಡು ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದಳು. 1980ರಲ್ಲಿ ಕ್ಲಚ್ ಕೈಕೊಟ್ಟಿತು, ಕಾರು ಷೆಡ್ ಸೇರಿತು.

ಅದೇ 1980ರಲ್ಲಿ ಮೆಕ್ವೀನ್ ಸಾಯುತ್ತಿದ್ದ. ಹಿಂದಿನ ಡಿಸೆಂಬರ್‌ನಲ್ಲಿ ಕಾಯಿಲೆಯ ಹೆಸರು ಗೊತ್ತಾಗಿತ್ತು: ಮೆಸೊಥೆಲಿಯೋಮಾ. ಪುಪ್ಪುಸದ ಹೊದಿಕೆಗೆ ಬರುವ ಈ ಕ್ಯಾನ್ಸರಿಗೆ ಮುಖ್ಯ ಕಾರಣ ಕಲ್ನಾರು. ನಾರು ಒಳಗೆ ಹೋಗಿ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಸುಮ್ಮನೆ ಕೂತಿದ್ದು ಆಮೇಲೆ ಏಳುತ್ತೆ. ರೇಸ್ ಚಾಲಕರ ಬೆಂಕಿ ತಡೆಯುವ ಉಡುಪಿನಲ್ಲೂ ಕಲ್ನಾರು ಇರುತ್ತಿತ್ತು. ಆದರೆ ಮೆಕ್ವೀನ್‌ಗೆ ನೆನಪಾದದ್ದು ಹಡಗಿನ ಆ ಕೋಣೆ. ಅಮೆರಿಕದ ವೈದ್ಯರು ಕೈಚೆಲ್ಲಿದ ಮೇಲೆ ಮೆಕ್ಸಿಕೋಗೆ ಹೋಗಿ, ಮಾನ್ಯತೆಯಿಲ್ಲದ ಚಿಕಿತ್ಸೆಗಳನ್ನೆಲ್ಲ ಮಾಡಿಸಿಕೊಂಡ. ನವೆಂಬರ್ 7ರಂದು ಸಿಯುದಾದ್ ಹುವಾರೆಸ್ ನಗರದಲ್ಲಿ, ಶಸ್ತ್ರಚಿಕಿತ್ಸೆಯ ಬೆನ್ನಲ್ಲೇ ತೀರಿಕೊಂಡ. ವಯಸ್ಸು 50.

ರೇಸ್ ಕಾರುಗಳಲ್ಲಿ ಸಾಯಲಿಲ್ಲ, ಬೈಕಿನಲ್ಲಿ ಸಾಯಲಿಲ್ಲ. ಹದಿನೆಂಟು-ಇಪ್ಪತ್ತರ ವಯಸ್ಸಲ್ಲಿ, ಮೂಗಿಗೊಂದು ಬಟ್ಟೆಯನ್ನೂ ಕೊಡದೆ ಮಾಡಿಸಿದ ಕೂಲಿಯೊಂದು ಮೂವತ್ತು ವರ್ಷ ತಡವಾಗಿ ಬಂದು ಕೊಂದಿತು. ಹಡಗುಕಟ್ಟೆಗಳಲ್ಲಿ ಅದೇ ಕೆಲಸ ಮಾಡಿದ ಸಾವಿರಾರು ಜನರ ಹೆಸರು ಯಾರಿಗೂ ಗೊತ್ತಿಲ್ಲ. ಬಿಳಿ ಕಲ್ನಾರನ್ನು ಅಮೆರಿಕ ನಿಷೇಧಿಸಿದ್ದು 2024ರ ಮಾರ್ಚ್‌ನಲ್ಲಿ. ಭಾರತದಲ್ಲಿ ಕಲ್ನಾರು ಕಾರ್ಮಿಕರ ಆರೋಗ್ಯ ಅವರ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ರಷ್ಯಾ ಮುಂತಾದ ಕಡೆಯಿಂದ ಆಮದು ಮಾತ್ರ ನಿಂತಿಲ್ಲ. ನಮ್ಮೂರುಗಳ ಶೀಟ್ ಮನೆಗಳ ಮೇಲೆ, ದನದ ಕೊಟ್ಟಿಗೆಯ ಮೇಲೆ ಇರೋದು ಅದೇ ನಾರು. ತೂತು ಕೊರೆಯುವ, ಒಡೆದದ್ದನ್ನು ಕಿತ್ತು ಹಾಕುವ ಹುಡುಗರ ಮೂಗಿಗೆ ಈಗಲೂ ಬಟ್ಟೆಯಿಲ್ಲ.

ಎರಡು ಮಸ್ಟಾಂಗ್‌ಗಳ ಕತೆ ಆಮೇಲೂ ನಡೆಯಿತು. ಸಾಹಸಕ್ಕೆ ಬಳಸಿ ಜಖಂ ಆಗಿದ್ದ ಕಾರು 2017ರ ಹೊತ್ತಿಗೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ತುಕ್ಕು ಹಿಡಿದ ಸ್ಥಿತಿಯಲ್ಲಿ ಸಿಕ್ಕಿತು. ಸಿಕ್ಕವರಿಗೆ ಅದೇನು ಅಂತ ಗೊತ್ತೇ ಇರಲಿಲ್ಲ. ಅದನ್ನು ಟಿಂಕರಿಂಗ್ ಮಾಡಿಸಿ, ‘ಗಾನ್ ಇನ್ 60 ಸೆಕೆಂಡ್ಸ್’ ಸಿನಿಮಾದ ಎಲೆನರ್ ಎಂಬ ಬೂದು ಮಸ್ಟಾಂಗ್‌ನ ಪ್ರತಿಕೃತಿ ಮಾಡಲು ಹೊರಟಿದ್ದರು! ಒಂದು ಸಿನಿಮಾದ ಅಸಲಿ ಕಾರು ಇನ್ನೊಂದರ ನಕಲಾಗುವುದರಲ್ಲಿತ್ತು. ನಂಬರ್ ಪರಿಶೀಲಿಸಿದ್ದರಿಂದ ಉಳೀತು.

ಇನ್ನೊಂದು, ಷೆಡ್ಡಿನಲ್ಲಿದ್ದ ಕಾರು, 2018ರ ಜನವರಿಯಲ್ಲಿ ಡೆಟ್ರಾಯಿಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಕ್ಯಾಮೆರಾ ಕಟ್ಟಲು ಬೆಸೆದ ಕಬ್ಬಿಣ, ತಂತಿ ಎಳೆಯಲು ಡಿಕ್ಕಿಯಲ್ಲಿ ಕೊರೆದ ತೂತು ಹಾಗೇ ಇದ್ದವು. ಎಂಜಿನ್ ಓಡುವಂತೆ ಮಾಡಿದ್ದರು. ಬಣ್ಣವನ್ನು ಮುಟ್ಟಿರಲಿಲ್ಲ. ಮಾಸಿದ ಹಸಿರು, ಗೀರು, ತುಕ್ಕಿನ ಕಲೆ. 2020ರ ಜನವರಿ 10ರಂದು ಹರಾಜಿನಲ್ಲಿ 34 ಲಕ್ಷ ಡಾಲರಿಗೆ ಕೂಗಿದರು. ಹೊಸದಾಗಿ ಬಣ್ಣ ಹೊಡೆಸಿದ್ದರೆ ಅಷ್ಟು ಬರ್ತಿರಲಿಲ್ಲ ಅನ್ನೋದು ಈ ವ್ಯವಹಾರ ಬಲ್ಲ ಯಾರಿಗಾದರೂ ಗೊತ್ತು.

ಕಳೆದ ಭಾನುವಾರ ನಾನು 3000 ನಂಬರಿನ ವಾಟರ್ ಪೇಪರ್ ತಂದೆ. ಬಟ್ಟಲಲ್ಲಿ ನೀರಿಟ್ಟುಕೊಂಡು, ಒಂದು ಹನಿ ಸೋಪು ಹಾಕಿ, ಮೇಜಿನ ಕಾರನ್ನು ಮೆಲ್ಲಗೆ ಉಜ್ಜತೊಡಗಿದೆ. ಚಾವಣಿ ಆಯ್ತು, ಬಾನೆಟ್ ಆಯ್ತು, ಥಳುಕು ಹೋಗಿ ಹಸಿರು ಆಳಕ್ಕಿಳಿದ ಹಾಗೆ ಕಂಡಿತು. ಡ್ರೈವರ್ ಬಾಗಿಲ ಅಂಚಿನಲ್ಲಿ ಕೈ ಸ್ವಲ್ಪ ಜೋರಾಯ್ತು. ಅಲ್ಲೀಗ ಅಕ್ಕಿಕಾಳಿನಷ್ಟು ಜಾಗದಲ್ಲಿ ಬಣ್ಣ ಕಿತ್ತು ಒಳಗಿನ ಲೋಹ ಕಾಣ್ತಾ ಇದೆ. ಟಚಪ್ ಮಾಡೋಣ ಅಂತ ಬಣ್ಣದ ಸೀಸೆ ತೆಗೆದೆ, ಮತ್ತೆ ಮುಚ್ಚಿಟ್ಟೆ.